ಮಗನ ಜಿ6ಪಿಡಿ ರಿಪೋರ್ಟ್: ನಾವು ಕಾದಿದ್ದು, ಓಡಾಡಿದ್ದು, ತಿಳಿದುಕೊಂಡಿದ್ದು

ಮಗು ಹುಟ್ಟಿದ ಸ್ವಲ್ಪ ದಿನಕ್ಕೆ ‘ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಯುವ ಒಂದು ಕಿಣ್ವ) ಕಡಿಮೆ’ ಅಂತ ರಿಪೋರ್ಟ್ ಬಂದು, ಮುಂದೇನು ಎಂದು ತೋಚದೆ ರಾತ್ರಿಯೆಲ್ಲ ಮೊಬೈಲ್ ಹಿಡಿದು ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕೊನೆಯ ಟೆಸ್ಟಿನ ರಿಪೋರ್ಟ್ ಕಳೆದ ವಾರ ಕೈಗೆ ಬಂತು. ಎಲ್ಲ ನೆನಪಿರುವಾಗಲೇ ಬರೆದಿಡೋಣ ಅನ್ನಿಸಿತು. ನಾನು ಡಾಕ್ಟರಲ್ಲ. ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು. ಕಿಣ್ವಗಳ ಪಾಠವನ್ನು ವರ್ಷಾವರ್ಷ ಬೋರ್ಡ್ ಮೇಲೆ ಬರೆದು ಅಳಿಸಿದ್ದೇನೆ. ಆ ತಿಳಿವಳಿಕೆ ಆಸ್ಪತ್ರೆಯಲ್ಲಿ ಒಂದಷ್ಟು ಕಡೆ ಕೈ ಹಿಡಿಯಿತು, ಒಂದಷ್ಟು ಕಡೆ ಹೆದರಿಕೆಯನ್ನು ಇನ್ನೂ ಜಾಸ್ತಿ ಮಾಡಿತು.

ನನ್ನ ತವರು ಪುತ್ತೂರಿನ ಹತ್ತಿರ. ಗಂಡನ ಮನೆ ಹಾಸನ ಕಡೆ. ಹೆರಿಗೆ ಆದದ್ದು ಏಪ್ರಿಲ್‌ನಲ್ಲಿ, ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ. ಮಗ ಚೆನ್ನಾಗಿಯೇ ಇದ್ದ. ಎರಡನೇ ದಿನ ಸಂಜೆ ಅಮ್ಮ ಅವನನ್ನು ಕಿಟಕಿ ಹತ್ತಿರ ಹಿಡಿದು, ಹಣೆಯ ಮೇಲೆ ಬೆರಳೊತ್ತಿ ತೆಗೆದಳು. ಒತ್ತಿದ ಜಾಗ ಬೆಳ್ಳಗಾಗುವ ಬದಲು ಹಳದಿಯಾಗಿ ಕಂಡಿತು. ‘ಇದು ಅರಶಿನ ಕಾಮಾಲೆ’ ಅಂದಳು. ಸಿಸ್ಟರ್ ಬಂದು ಹಿಮ್ಮಡಿ ಚುಚ್ಚಿ ರಕ್ತ ತೆಗೆದುಕೊಂಡು ಹೋದರು. ಮರುದಿನ ಬೆಳಗ್ಗೆ, ಮೈಯನ್ನು ಹಳದಿ ಮಾಡುವ ಬಿಲಿರುಬಿನ್ 17ರ ಹತ್ತಿರ ಬಂತು. ಮಗುವನ್ನು ನೀಲಿ ಬೆಳಕಿನ ಕೆಳಗೆ ಮಲಗಿಸಬೇಕು ಎಂದರು.

ಮೊದಲ ಮಗುವಾದರೆ ಈ ಫೋಟೋಥೆರಪಿ ನೋಡಿ ಎದೆ ಒಡೆಯುತ್ತದೆ. ಕಣ್ಣಿಗೆ ಪಟ್ಟಿ, ಮೈಮೇಲೆ ಬರೀ ಡೈಪರ್. ಅತ್ತರೂ ಎತ್ತಿಕೊಳ್ಳುವ ಹಾಗಿಲ್ಲ, ಹಾಲು ಕುಡಿಸಲು ಮಾತ್ರ ಹೊರಗೆ ತೆಗೆಯಬೇಕು. ಆದರೆ ಅಲ್ಲಿ ನಡೆಯುವುದು ಬಹಳ ಚೆಂದದ ಕೆಮಿಸ್ಟ್ರಿ. ಹಳೆಯ ಕೆಂಪು ರಕ್ತಕಣ ಒಡೆದಾಗ ಬಿಲಿರುಬಿನ್ ಹುಟ್ಟುತ್ತದೆ. ಈ ಅಣು ತನ್ನೊಳಗಿನ ಹೈಡ್ರೋಜನ್ ಬಂಧಗಳಿಂದಲೇ ಮಡಚಿಕೊಂಡಿರುತ್ತದೆ, ನೀರಿಗೆ ಕರಗದು. ದೊಡ್ಡವರಲ್ಲಿ ಲಿವರಿನ ಒಂದು ಕಿಣ್ವ ಅದಕ್ಕೆ ಸಕ್ಕರೆಯಿಂದ ಬಂದ ಗ್ಲುಕುರಾನಿಕ್ ಆಮ್ಲವನ್ನು ಅಂಟಿಸಿ ಕರಗುವಂತೆ ಮಾಡಿ ಹೊರಗೆ ಕಳಿಸುತ್ತದೆ. ಹಸುಗೂಸಿನಲ್ಲಿ ಆ ಕಿಣ್ವ ಇನ್ನೂ ಪೂರ್ತಿ ಕೆಲಸಕ್ಕೆ ಇಳಿದಿರುವುದಿಲ್ಲ. 460 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕು ಚರ್ಮದ ಮೇಲೆ ಬಿದ್ದರೆ ಬಿಲಿರುಬಿನ್‌ನ ಆಕಾರವೇ ತಿರುಚಿಕೊಳ್ಳುತ್ತದೆ. ಆಗ ಕಿಣ್ವದ ಸಹಾಯ ಇಲ್ಲದೆಯೇ ಪಿತ್ತದಲ್ಲಿ, ಮೂತ್ರದಲ್ಲಿ ಹೊರಟುಹೋಗುತ್ತದೆ. ಬಿಸಿಲಿಗೆ ಒಡ್ಡಿದ ಮಕ್ಕಳ ಹಳದಿ ಕಡಿಮೆಯಾಗುವುದನ್ನು ಮೊದಲು ಕಂಡುಹಿಡಿದದ್ದು 1956ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫರ್ಡ್ ಆಸ್ಪತ್ರೆಯ ಸಿಸ್ಟರ್ ವಾರ್ಡ್ ಎಂಬ ನರ್ಸ್. ಹಾಗಂತ ಮನೆಯಲ್ಲಿ ಎಳೆಬಿಸಿಲಿಗೆ ಹಿಡಿದರೆ ಸಾಕು ಅಂದುಕೊಳ್ಳಬೇಡಿ. ಬಿಲಿರುಬಿನ್ ಏರುತ್ತಿರುವ ಮಗುವಿಗೆ ಅದು ಸಾಲುವುದಿಲ್ಲ. ಕಾಮಾಲೆಗೆ ಸೊಪ್ಪಿನ ಮದ್ದು ಕೊಡುವವರು ನಮ್ಮ ಕಡೆ ಊರೂರಲ್ಲಿ ಇದ್ದಾರೆ. ನಮಗೂ ಒಬ್ಬರು ವಿಳಾಸ ಕೊಟ್ಟರು. ಹುಟ್ಟಿದ ಮಗುವಿಗೆ ಅದನ್ನೆಲ್ಲ ಕೊಡಲೇಬೇಡಿ. ಬಿಲಿರುಬಿನ್ ತೀರಾ ಏರಿದರೆ ಮಿದುಳಿಗೆ ಹೋಗುತ್ತದೆ, ಆಗ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ.

ಬೆಳಕಿನ ಕೆಳಗಿನ ಒಂದು ದಿನಕ್ಕೆ ನಮಗೆ 2,500 ರೂಪಾಯಿ ಬಿತ್ತು, ರೂಮಿನ ಬಾಡಿಗೆ ಬೇರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಕಾಯಿಲೆ ಬಿದ್ದ ಹಸುಗೂಸಿಗೆ ಚಿಕಿತ್ಸೆ ಉಚಿತ. ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕಗಳಲ್ಲಿ ಇದೇ ಬೆಳಕು ಇರುತ್ತದೆ. ದುಡ್ಡಿನ ಚಿಂತೆ ಇರುವವರು ಮೊದಲೇ ವಿಚಾರಿಸಿ.

ಕಾಮಾಲೆ ಇಷ್ಟು ಬೇಗ ಏರಿದ್ದೇಕೆ ಎಂದು ಡಾಕ್ಟ್ರು ಹುಡುಕತೊಡಗಿದರು. ನನ್ನದೂ ಮಗನದೂ ಒಂದೇ ರಕ್ತದ ಗುಂಪು, ಆ ಜಗಳ ಇಲ್ಲ. ತಾಯಿಯ ಪ್ರತಿಕಾಯಗಳು ಮಗುವಿನ ರಕ್ತಕಣಗಳಿಗೆ ಅಂಟಿವೆಯಾ ಎಂದು ನೋಡುವ ಕೂಂಬ್ಸ್ ಟೆಸ್ಟ್ ನೆಗೆಟಿವ್. ಆಮೇಲೆ ಅವರು ಕೇಳಿದ ಪ್ರಶ್ನೆ ವಿಚಿತ್ರ ಅನ್ನಿಸಿತು: ‘ಮಗುವಿಗೆ ಸುತ್ತಿರುವ ಬಟ್ಟೆ ಎಲ್ಲಿಂದ ತಂದಿರಿ?’

ನಮ್ಮಲ್ಲಿ ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಹಾಕುವುದಿಲ್ಲ ಅಲ್ವಾ. ಅಜ್ಜಿಯ ಹಳೆ ಹತ್ತಿ ಸೀರೆ ಹರಿದು, ಒಗೆದು, ಮಡಚಿ ಅಮ್ಮ ತಿಂಗಳ ಹಿಂದೆಯೇ ಟ್ರಂಕಿನಲ್ಲಿ ಇಟ್ಟಿದ್ದಳು. ಡಾಕ್ಟ್ರು ಒಂದು ತುಂಡನ್ನು ಎತ್ತಿ ಮೂಸಿದರು. ನಾನೂ ಮೂಸಿದೆ. ನುಸಿಗುಳಿಗೆಯ ವಾಸನೆ. ಅಂದರೆ ನ್ಯಾಫ್ತಲಿನ್. ‘ಉತ್ಪತನ’ ಅಂದರೇನು ಎಂದು ತೋರಿಸಲು ನಾನೇ ಲ್ಯಾಬಿನಲ್ಲಿ ಬಿಸಿ ಮಾಡಿ ತೋರಿಸುವ ವಸ್ತು ಅದು. ಘನದಿಂದ ನೇರ ಅನಿಲವಾಗಿ ಬಟ್ಟೆಯ ಎಳೆಎಳೆಯಲ್ಲೂ ಕೂರುತ್ತದೆ. ಮೈಯೊಳಗೆ ಸೇರಿದರೆ ನ್ಯಾಫ್ತಾಲ್, ನ್ಯಾಫ್ತೊಕ್ವಿನೋನ್ ಆಗಿ ಕೆಂಪು ರಕ್ತಕಣಗಳನ್ನು ಉತ್ಕರ್ಷಿಸುತ್ತದೆ. ಯಾವ ಮಗುವಿಗೂ ಒಳ್ಳೆಯದಲ್ಲ, ಜಿ6ಪಿಡಿ ಕಿಣ್ವ ಕಡಿಮೆ ಇರುವ ಮಗುವಿಗಂತೂ ವಿಷವೇ. ನಮ್ಮ ಮಗನ ಕಾಮಾಲೆಗೆ ಇದೇ ಕಾರಣ ಅಂತ ಯಾರೂ ಹೇಳಲಿಲ್ಲ, ಹೇಳಲು ಆಗುವುದೂ ಇಲ್ಲ. ಆದರೆ ಆ ಗಂಟು ಅವತ್ತೇ ಮನೆಗೆ ವಾಪಸ್ ಹೋಯಿತು. ಇವರು ಹೋಗಿ ಅಂಗಡಿಯಿಂದ ಹೊಸ ಮಲ್ ಬಟ್ಟೆ ತಂದು, ಒಗೆದು ಒಣಗಿಸಿದರು.

ಅದೇ ದಿನ ಹಿಮ್ಮಡಿಯಿಂದ ರಕ್ತದ ಹನಿಗಳನ್ನು ಫಿಲ್ಟರ್ ಕಾಗದದ ಕಾರ್ಡಿನ ಮೇಲೆ ಬೀಳಿಸಿಕೊಂಡರು. ಥೈರಾಯ್ಡ್, ಅಡ್ರಿನಲ್ ಮತ್ತು ಜಿ6ಪಿಡಿ, ಮೂರೂ ಟೆಸ್ಟು ಒಟ್ಟಿಗೆ. ಸುಮಾರು 1,500 ರೂಪಾಯಿ. ಕಾರ್ಡು ಹೊರರಾಜ್ಯದ ಲ್ಯಾಬಿಗೆ ಕೊರಿಯರ್‌ನಲ್ಲಿ ಹೋಗುತ್ತದೆ, ನಾಲ್ಕೈದು ದಿನದಲ್ಲಿ ರಿಪೋರ್ಟ್ ಅಂದರು. ಸರಿಯಾಗಿ ಆಗಲೇ ಬಿಸು ಹಬ್ಬ, ಅಂಬೇಡ್ಕರ್ ಜಯಂತಿ ರಜೆ, ಹಿಂದೆ ಮುಂದೆ ವಾರದ ಕೊನೆ. ಕಾರ್ಡು ಎಲ್ಲಿ ಕೂತಿತ್ತೋ ಗೊತ್ತಿಲ್ಲ. ಬಿಲಿರುಬಿನ್ ಇಳಿದು ನಾವು ಡಿಸ್ಚಾರ್ಜ್ ಆಗಿ ಪುತ್ತೂರಿಗೆ ಬಂದರೂ ರಿಪೋರ್ಟಿನ ಸುಳಿವಿಲ್ಲ. ಆಮೇಲೆ ಒಂದು ಮಧ್ಯಾಹ್ನ ಪಿಡಿಎಫ್ ಬಂತು. ಥೈರಾಯ್ಡ್ ಸರಿ, ಅಡ್ರಿನಲ್ ಸರಿ, ಜಿ6ಪಿಡಿಯ ಎದುರು ಕೆಂಪು ಅಕ್ಷರದಲ್ಲಿ ‘ಕಡಿಮೆ’.

ಆ ರಾತ್ರಿ ನಿದ್ದೆ ಬರಲಿಲ್ಲ. ಪುಸ್ತಕದ ಮಾತು ನನಗೆ ಗೊತ್ತೇ ಇತ್ತು. ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೋಜಿನೇಸ್ ಎನ್ನುವುದು ಗ್ಲೂಕೋಸ್-6-ಫಾಸ್ಫೇಟಿನಿಂದ ಹೈಡ್ರೋಜನ್ ಕಿತ್ತು ಎನ್‌ಎಡಿಪಿಗೆ ಕೊಡುವ ಕಿಣ್ವ. ಹಾಗೆ ಹುಟ್ಟಿದ ಎನ್‌ಎಡಿಪಿಎಚ್, ಗ್ಲುಟಾಥಯೋನ್ ಎಂಬ ಚಿಕ್ಕ ಅಣುವನ್ನು ಮತ್ತೆ ಮತ್ತೆ ಸರಿಮಾಡುತ್ತದೆ. ಗ್ಲುಟಾಥಯೋನ್, ಕಣಕ್ಕೆ ಹಾನಿ ಮಾಡುವ ಹೈಡ್ರೋಜನ್ ಪೆರಾಕ್ಸೈಡನ್ನು ನೀರಾಗಿಸುತ್ತದೆ. ಬೇರೆ ಜೀವಕೋಶಗಳಿಗೆ ಈ ಎನ್‌ಎಡಿಪಿಎಚ್‌ಗೆ ಬಾವಿಯೂ ಇದೆ, ನಲ್ಲಿಯೂ ಇದೆ. ಮೈಟೋಕಾಂಡ್ರಿಯಾ ಇಲ್ಲದ ಕೆಂಪು ಕಣಕ್ಕೆ ಇರುವುದು ಇದೊಂದೇ ಬಾವಿ. ಅದರಲ್ಲಿ ನೀರು ಕಡಿಮೆಯಾದರೂ ದಿನ ಕಳೆಯುತ್ತದೆ. ಯಾವುದೋ ಮಾತ್ರೆ, ಜ್ವರ, ನುಸಿಗುಳಿಗೆ ಬಂದು ಒಮ್ಮೆಲೇ ಉತ್ಕರ್ಷಣದ ಹೊರೆ ಬಿದ್ದರೆ ಮಾತ್ರ ಹಿಮೋಗ್ಲೋಬಿನ್ ಕೆಟ್ಟು ಕಣಗಳು ಒಡೆಯುತ್ತವೆ.

ಇಷ್ಟೆಲ್ಲ ಗೊತ್ತಿದ್ದೂ ಅಳು ಬಂತು. ಮಲಗಿದ್ದ ಮಗನ ಮುಖ ನೋಡುತ್ತಾ ನನಗೆ ತಟ್ಟನೆ ಹೊಳೆದದ್ದು ಇನ್ನೊಂದು ಪಾಠ: ಕಿಣ್ವ ಪ್ರೋಟೀನು, ಬಿಸಿಗೆ ಕೆಡುತ್ತದೆ. ಕರಾವಳಿಯ ಏಪ್ರಿಲ್ ಸೆಕೆಯಲ್ಲಿ, ಆ ತೇವದಲ್ಲಿ, ಹಬ್ಬದ ರಜೆ ಪೂರ್ತಿ ಲಕೋಟೆಯೊಳಗೆ ಕೂತ ಕಾರ್ಡಿನಲ್ಲಿ ಕಿಣ್ವ ಎಷ್ಟು ಉಳಿದಿರಬಹುದು? ಕಡಿಮೆ ಇರುವುದು ಮಗನ ರಕ್ತದಲ್ಲೋ, ದಾರಿಯಲ್ಲಿ ಬೆಂದ ಕಾರ್ಡಿನಲ್ಲೋ?

ಮರುದಿನ ಡಾಕ್ಟ್ರಿಗೆ ಫೋನ್ ಮಾಡಿ ಇದನ್ನೇ ಕೇಳಿದೆ. ‘ಕರೆಕ್ಟ್, ಅದಕ್ಕೇ ಕಾರ್ಡಿನ ರಿಪೋರ್ಟನ್ನು ಸೋಸುವ ಟೆಸ್ಟ್ ಅಂತ ಮಾತ್ರ ನೋಡಬೇಕು, ತೀರ್ಮಾನ ಅಲ್ಲ’ ಅಂದರು. ಸೆಕೆಯಲ್ಲಿ, ತೇವದಲ್ಲಿ ಕಾರ್ಡುಗಳು ಸುಳ್ಳು ಕಡಿಮೆ ತೋರಿಸುವುದು ಅವರಿಗೆ ಹೊಸದಲ್ಲ. ನಿಮಗೂ ಕಾರ್ಡಿನಲ್ಲಿ ಕಡಿಮೆ ಬಂದಿದ್ದರೆ ಮೊದಲು ವಿಚಾರಿಸಬೇಕಾದ್ದು ಇದನ್ನೇ: ರಕ್ತ ತೆಗೆದ ತಾರೀಕು ಯಾವುದು, ಲ್ಯಾಬಿಗೆ ತಲುಪಿದ ತಾರೀಕು ಯಾವುದು. ಎರಡೂ ರಿಪೋರ್ಟಿನ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಇರುತ್ತವೆ.

ತಾಜಾ ರಕ್ತದಲ್ಲಿ ಅಳತೆಯ ಟೆಸ್ಟ್ ಮಾಡಿಸಲು ಮತ್ತೆ ಮಂಗಳೂರಿಗೆ ಹೋಗಬೇಕಾಯಿತು. ಐವತ್ತು ಚಿಲ್ಲರೆ ಕಿಲೋಮೀಟರ್, ಬಾಣಂತಿ, ಹಸುಗೂಸು, ಬಾಡಿಗೆ ಕಾರು. ಹೋದಮೇಲೆ ಗೊತ್ತಾಯಿತು, ಆ ಲ್ಯಾಬಿನಲ್ಲಿ ಈ ಟೆಸ್ಟನ್ನು ದಿನಾ ಮಾಡುವುದಿಲ್ಲ. ಸ್ಯಾಂಪಲ್‌ಗಳು ಒಟ್ಟಾದ ಮೇಲೆ ವಾರದ ಗೊತ್ತಾದ ದಿನಗಳಲ್ಲಿ ಮಾತ್ರ. ಇದನ್ನು ಫೋನ್ ಎತ್ತಿದವರು ಹೇಳಿರಲಿಲ್ಲ. ನೀವು ಹೊರಡುವ ಮೊದಲೇ ‘ಯಾವ ದಿನ ಓಡಿಸುತ್ತೀರಿ, ಅದೇ ದಿನ ಬೆಳಗ್ಗೆ ರಕ್ತ ಕೊಡಬಹುದಾ’ ಎಂದು ಕೇಳಿ. ಇಡಿಟಿಎ ಇರುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ತೆಗೆಯುತ್ತಾರೆ, ತಣ್ಣಗೆ ಇಡುತ್ತಾರೆ. ನಮಗೆ ಖರ್ಚು ಸುಮಾರು 700 ರೂಪಾಯಿ ಆಯಿತು.

ಟೆಸ್ಟ್ ಮಾಡುವ ಬಗೆ ಸರಳ. ರಕ್ತಕಣ ಒಡೆದು, ಅದಕ್ಕೆ ಗ್ಲೂಕೋಸ್-6-ಫಾಸ್ಫೇಟ್ ಮತ್ತು ಎನ್‌ಎಡಿಪಿ ಹಾಕಿ, 340 ನ್ಯಾನೋಮೀಟರಿನಲ್ಲಿ ಬೆಳಕು ಎಷ್ಟು ಬೇಗ ಹೀರಿಕೆಯಾಗುತ್ತಾ ಹೋಗುತ್ತದೆ ನೋಡುತ್ತಾರೆ. ಎನ್‌ಎಡಿಪಿ ಆ ಬೆಳಕನ್ನು ಹೀರುವುದಿಲ್ಲ, ಎನ್‌ಎಡಿಪಿಎಚ್ ಹೀರುತ್ತದೆ. ಏರುವ ವೇಗವೇ ಕಿಣ್ವದ ಕೆಲಸದ ಅಳತೆ. ಅದನ್ನು ಹಿಮೋಗ್ಲೋಬಿನ್ ಗ್ರಾಂ ಲೆಕ್ಕದಲ್ಲಿ ಹೇಳುತ್ತಾರೆ.

ಆ ರಿಪೋರ್ಟೂ ತಲೆ ಕೆಡಿಸಿತು. ಅಂಕಿ, ಪಕ್ಕದಲ್ಲಿ ಅಚ್ಚಾಗಿದ್ದ ಮಿತಿಗಿಂತ ಸ್ವಲ್ಪವೇ ಕೆಳಗಿತ್ತು. ಇವರು ‘ಅಯ್ಯೋ ಇಷ್ಟೇನಾ, ಹೆಚ್ಚುಕಮ್ಮಿ ನಾರ್ಮಲ್’ ಎಂದು ಖುಷಿಯಾಗಿ ಊರಿಗೆಲ್ಲ ಫೋನ್ ಮಾಡಿದರು. ಡಾಕ್ಟ್ರು ಖುಷಿಯಾಗಲಿಲ್ಲ. ಅಚ್ಚಾಗಿದ್ದದ್ದು ದೊಡ್ಡವರ ಮಿತಿ. ಹುಟ್ಟಿದ ಮಕ್ಕಳಲ್ಲಿ ಈ ಕಿಣ್ವದ ಕೆಲಸ ದೊಡ್ಡವರಿಗಿಂತ ಜಾಸ್ತಿ ಇರಬೇಕು. ಜೊತೆಗೆ, ಕಣಗಳು ಒಡೆದ ಹೊಸತರಲ್ಲಿ ಮೈ ಹೊಸ ಕಣಗಳನ್ನು ತಯಾರಿಸಿ ಬಿಡುತ್ತಿರುತ್ತದೆ. ಎಳೆಯ ಕಣದಲ್ಲಿ ಕಿಣ್ವ ಹೆಚ್ಚು, ಮುದಿ ಕಣದಲ್ಲಿ ಕಡಿಮೆ. ಹಳೆಯವು ಒಡೆದುಹೋಗಿ ಎಳೆಯವೇ ಉಳಿದಾಗ ಅಳೆದರೆ ಅಂಕಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಮೂರು ತಿಂಗಳು ಬಿಟ್ಟು ಮತ್ತೊಮ್ಮೆ. ಅಲ್ಲಿವರೆಗೆ ಕಡಿಮೆ ಇದೆ ಅಂತಲೇ ನಡೆದುಕೊಳ್ಳಿ ಎಂದರು. ಮಗುವಿಗೆ ರಕ್ತ ಕೊಟ್ಟಿದ್ದರೂ ಹೀಗೆಯೇ ಕಾಯಬೇಕಂತೆ. ಇಲ್ಲದಿದ್ದರೆ ಅಳೆಯುವುದು ರಕ್ತದಾನಿಯ ಕಿಣ್ವವನ್ನು!

ಈ ಮೂರು ತಿಂಗಳು ನಡೆದದ್ದು ಹೆಚ್ಚಾಗಿ ಮನೆಯೊಳಗಿನ ಮಾತುಕತೆ.

ಅತ್ತೆ ಮೊದಲ ದಿನವೇ ಹೇಳಿದರು, ‘ನಮ್ಮ ಕಡೆ ಇಂಥದ್ದೆಲ್ಲ ಯಾರಿಗೂ ಇಲ್ಲಮ್ಮ.’ ಸಿಟ್ಟು ಬಂತು. ಕಷ್ಟ ಏನೆಂದರೆ ತಳಿಶಾಸ್ತ್ರ ಪೂರ್ತಿ ಅವರ ಪರವಾಗಿತ್ತು. ಜಿ6ಪಿಡಿಯ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡುಮಗನಿಗೆ ಎಕ್ಸ್ ಬರುವುದು ತಾಯಿಯಿಂದ ಮಾತ್ರ. ಅಪ್ಪನ ಕಡೆಯವರಿಗೂ ಇದಕ್ಕೂ ಸಂಬಂಧವೇ ಇಲ್ಲ. ನನ್ನಲ್ಲಿ ಎರಡು ಎಕ್ಸ್ ಇರುವುದರಿಂದ ನನಗೆ ಏನೂ ಆಗದೆ ದಾಟಿಹೋಗಿದೆ. ಇದನ್ನು ಇವರೇ ಅತ್ತೆಗೆ ವಿವರಿಸಿ, ‘ಹಂಗಂತ ಅವಳ ತಪ್ಪೇನಿಲ್ಲ, ಕಣ್ಣಿನ ಬಣ್ಣ ಇದ್ದಂಗೆ’ ಅಂದರು. ಅತ್ತೆ ಆಮೇಲೆ ಆ ಮಾತು ಎತ್ತಲಿಲ್ಲ.

ಅಮ್ಮ ಮಾತ್ರ ಇದನ್ನೆಲ್ಲ ಕೇಳಿಸಿಕೊಂಡು ತುಂಬ ಹೊತ್ತು ಸುಮ್ನೆ ಕೂತಿದ್ದಳು. ಆಮೇಲೆ ಅಣ್ಣನ ವಿಷಯ ತೆಗೆದಳು. ಅಣ್ಣ ಮೊದಲ ಕೆಲಸಕ್ಕೆ ಮಂಗಳೂರಿಗೆ ಹೋಗಿದ್ದಾಗ ಮಲೇರಿಯಾ ಬಂದಿತ್ತು. ಅಲ್ಲಿ ಆಗ ಅದು ಯಾರನ್ನೂ ಬಿಡುತ್ತಿರಲಿಲ್ಲ. ಜ್ವರ ಬಿಟ್ಟ ಮೇಲೆ, ಲಿವರಿನಲ್ಲಿ ಅಡಗಿದ ರೋಗಾಣು ಸಾಯಲಿ ಎಂದು 14 ದಿನದ ಪ್ರೈಮಾಕ್ವಿನ್ ಮಾತ್ರೆ ಕೊಟ್ಟಿದ್ದರು. ಕೆಲವೇ ದಿನದಲ್ಲಿ ಅವನ ಮೂತ್ರ ಕಷಾಯದ ಬಣ್ಣಕ್ಕೆ ತಿರುಗಿತ್ತು. ಕಣ್ಣು ಹಳದಿ, ಎದ್ದು ನಿಂತರೆ ತಲೆಸುತ್ತು. ಮಲೇರಿಯಾವೇ ಜೋರಾಗಿದೆ ಎಂದು ಎಲ್ಲರೂ ತಿಳಿದರು. ಮಾತ್ರೆ ನಿಲ್ಲಿಸಿದ ಮೇಲೆ ಸರಿಯಾದ. ಜಿ6ಪಿಡಿ ಹೆಸರನ್ನು ಆಗ ಯಾರೂ ಎತ್ತಿರಲಿಲ್ಲ. ವಿಚಿತ್ರ ನೋಡಿ, ಈ ಕಿಣ್ವದ ಕೊರತೆ ಬೆಳಕಿಗೆ ಬಂದದ್ದೇ ಇದೇ ಮಾತ್ರೆಯಿಂದ. ಪ್ರೈಮಾಕ್ವಿನ್ ಕೆಲವರಿಗೆ ಮಾತ್ರ ರಕ್ತ ಒಡೆಯುವುದೇಕೆ ಎಂದು ಅಮೆರಿಕದಲ್ಲಿ ಹುಡುಕಿದವರು 1956ರಲ್ಲಿ ಜಿ6ಪಿಡಿಗೆ ಬಂದು ಮುಟ್ಟಿದರು.

ಅಜ್ಜಿಗೆ ಹುಟ್ಟಿ, ವಾರದೊಳಗೆ ಹಳದಿಯಾಗಿ ಹೋದ ಒಂದು ಗಂಡುಮಗುವೂ ಇತ್ತಂತೆ. ಅದು ಇದರಿಂದಲೇ ಎಂದು ಈಗ ಯಾರು ಹೇಳಬಲ್ಲರು. ಅಮ್ಮ ಅದನ್ನು ಹೇಳಿ ಎದ್ದು ಒಳಗೆ ಹೋದಳು.

ನಿಮ್ಮ ಮಗನಿಗೂ ಹೀಗೆ ಬಂದರೆ ತಾಯಿಯ ಅಣ್ಣತಮ್ಮಂದಿರನ್ನು, ತಾಯಿಯ ಸೋದರಮಾವಂದಿರನ್ನು ಕೂರಿಸಿ ಕೇಳಿ. ಯಾವುದಾದರೂ ಮಾತ್ರೆ ತಿಂದಾಗ ಮೂತ್ರ ಕಪ್ಪಾಗಿತ್ತಾ, ಹುಟ್ಟಿದಾಗ ಕಾಮಾಲೆ ಇತ್ತಾ. ನಮ್ಮ ಅಣ್ಣನೂ ಟೆಸ್ಟ್ ಮಾಡಿಸಿಕೊಂಡ, ಅವನದೂ ಕಡಿಮೆಯೇ. ಕರಾವಳಿಯಲ್ಲಿ ಇರುವವನಿಗೆ ಇದು ತಿಳಿದಿರಲೇಬೇಕು. ಮತ್ತೆ ಮಲೇರಿಯಾ ಬಂದರೆ ಪ್ರೈಮಾಕ್ವಿನ್ ಅನ್ನು ದಿನಾ ಕೊಡುವ ಬದಲು ಡಾಕ್ಟರ ನಿಗಾದಲ್ಲಿ ವಾರಕ್ಕೊಮ್ಮೆಯಂತೆ 8 ವಾರ ಕೊಡುವ ದಾರಿಯೂ ಇದೆ. ಆದರೆ ಅದನ್ನು ತೀರ್ಮಾನಿಸಬೇಕಾದವರು ಅವರು.

ಇನ್ನು ಪಟ್ಟಿಯ ವಿಷಯ. ನೆಟ್‌ನಲ್ಲಿ ಹುಡುಕಿದರೆ ತಿನ್ನಬಾರದ್ದು, ಮುಟ್ಟಬಾರದ್ದು ಎಂದು ಪುಟಗಟ್ಟಲೆ ಸಿಗುತ್ತದೆ. ಕೆಲವು ಪಟ್ಟಿಗಳಲ್ಲಿ ಎಲ್ಲ ಬೇಳೆಕಾಳುಗಳೂ ಇವೆ. ನಾನು ಒಂದನ್ನು ಪ್ರಿಂಟ್ ತೆಗೆದುಕೊಂಡು ಹೋದೆ. ಡಾಕ್ಟ್ರು ಕೆಂಪು ಪೆನ್ನಿನಲ್ಲಿ ಮುಕ್ಕಾಲು ಪಾಲು ಹೊಡೆದುಹಾಕಿದರು. ಉಳಿಸಿದ್ದು ಇಷ್ಟು: ಪ್ರೈಮಾಕ್ವಿನ್, ಡ್ಯಾಪ್ಸೋನ್, ಮಿಥಿಲೀನ್ ಬ್ಲೂ, ರಾಸ್‌ಬ್ಯೂರಿಕೇಸ್ ಎಂಬ ಮದ್ದುಗಳು, ಕೇಳದೆ ಕೊಡಬಾರದ ಒಂದೆರಡು ಆಂಟಿಬಯಾಟಿಕ್, ನುಸಿಗುಳಿಗೆ, ಮದರಂಗಿ, ಮತ್ತು ಫಾವಾ ಬೀನ್ಸ್. ಲಸಿಕೆಗಳೆಲ್ಲ ಹಾಕಿಸಬಹುದು. ಜ್ವರ ಬಂದರೆ ಸರಿಯಾದ ಅಳತೆಯ ಪ್ಯಾರಾಸಿಟಮಾಲ್ ಕೊಡಬಹುದು. ಬಜೆ ತೇಯ್ದು ನೆಕ್ಕಿಸುವುದು, ಹೆಸರಿಲ್ಲದ ಪುಡಿ, ಕರ್ಪೂರದ ಎಣ್ಣೆ ಬೇಡ. ಜ್ವರ ಬಂದಾಗ ಮಾತ್ರ ಉದಾಸೀನ ಮಾಡಬೇಡಿ ಎಂದು ಒತ್ತಿ ಹೇಳಿದರು, ಸೋಂಕೇ ಸಾಕು ಕಣಗಳು ಒಡೆಯಲು.

ಫಾವಾ ಬೀನ್ಸ್ ನಮ್ಮ ಮನೆಯಲ್ಲಿ ದೊಡ್ಡ ಗದ್ದಲ ಎಬ್ಬಿಸಿತು. ಇವರ ಮನೆಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಅದು ಅವರೆಕಾಯಿ ಅಂತ ಹಾಕಿಬಿಟ್ಟರು. ಹಾಸನದವರಿಗೆ ಇದಕ್ಕಿಂತ ಕೆಟ್ಟ ಸುದ್ದಿ ಬೇಕಾ! ಬಿಲಿರುಬಿನ್ 17 ಎಂದಾಗ ಗಟ್ಟಿಯಾಗಿದ್ದ ಅತ್ತೆ, ‘ಮೊಮ್ಮಗ ಹಿತಕಿದ ಬೇಳೆ ಸಾರು ತಿನ್ನಂಗಿಲ್ವಂತೆ’ ಎಂದು ಅಕ್ಕಪಕ್ಕದವರ ಹತ್ತಿರ ಅತ್ತರಂತೆ. ಅವರೆಯೇ ಬೇರೆ ಗಿಡ, ಫಾವಾವೇ ಬೇರೆ ಗಿಡ. ಫಾವಾ ಎಂದರೆ ವಿಸಿಯಾ ಫಾಬಾ, ಉತ್ತರ ಭಾರತದಲ್ಲಿ ಬಾಕಲಾ ಅನ್ನುತ್ತಾರೆ. ಅದರಲ್ಲಿರುವ ವಿಸಿನ್, ಕಾನ್‌ವಿಸಿನ್ ಎಂಬ ವಸ್ತುಗಳು ಹೊಟ್ಟೆಯಲ್ಲಿ ಒಡೆದು ಉತ್ಕರ್ಷಕಗಳಾಗುತ್ತವೆ. ನಮ್ಮ ಅವರೆ ಲಾಬ್‌ಲಾಬ್ ಜಾತಿಯದು. ಡಾಕ್ಟ್ರನ್ನು ಕೇಳಿ, ಅವರು ನಕ್ಕು ‘ಅವರೆಗೆ ನಮ್ಮದೇನೂ ತಕರಾರಿಲ್ಲ’ ಎಂದ ಮೇಲೆ ಹಾಸನದಲ್ಲಿ ಶಾಂತಿ ನೆಲೆಸಿತು. ದೊಡ್ಡ ಊರುಗಳ ಅಂಗಡಿಗಳಲ್ಲಿ ಹುರಿದ ಫಾವಾ ಪೊಟ್ಟಣಗಳು, ಫಾವಾ ಪ್ರೋಟೀನ್ ಸೇರಿಸಿದ ತಿಂಡಿಗಳು ಬರುತ್ತಿವೆ. ಇಂಥ ಮಗುವಿಗೆ ಹಾಲುಣಿಸುವ ತಾಯಂದಿರೂ ಅದನ್ನು ತಿನ್ನಬಾರದು.

ನುಸಿಗುಳಿಗೆ ತೊಲಗಿಸುವುದು ಅಂದುಕೊಂಡದ್ದಕ್ಕಿಂತ ಕಷ್ಟ. ನಮ್ಮ ಕಪಾಟು ಖಾಲಿ ಮಾಡಿದೆವು. ಆದರೆ ಮಗು ನೋಡಲು ಬರುವವರು ರೇಷ್ಮೆ ಸೀರೆ ಉಟ್ಟು ಬರುತ್ತಾರೆ, ಎತ್ತಿ ಎದೆಗೊತ್ತಿಕೊಳ್ಳುತ್ತಾರೆ. ಬೇಡ ಅನ್ನಲು ಮುಜುಗರ. ನಾಮಕರಣದ ದಿನ ಅಮ್ಮ ಬಾಗಿಲಲ್ಲೇ ಕೂತು ಒಬ್ಬೊಬ್ಬರ ಸೆರಗು ಮೂಸಿ ಒಳಗೆ ಬಿಟ್ಟಳು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ಅಥವಾ ನಮಗೆ ಗೊತ್ತಾಗಲಿಲ್ಲ.

ಕಾಗದಪತ್ರದಲ್ಲಿ ಒಂದು ತೊಡಕು ಬರುತ್ತದೆ. ಹುಟ್ಟಿದಾಗಿನ ರಿಪೋರ್ಟುಗಳೆಲ್ಲ ‘ಬೇಬಿ ಆಫ್’ ಎಂದು ತಾಯಿಯ ಹೆಸರಿನಲ್ಲಿರುತ್ತವೆ. ಆಮೇಲಿನವು ಮಗುವಿನ ಹೆಸರಿನಲ್ಲಿ. ಇವರ ಆಫೀಸಿನ ವಿಮೆಗೆ ಬಿಲ್ ಕೊಟ್ಟಾಗ ಇದು ಒಂದೇ ಮಗು ಎಂದು ಸಾಬೀತು ಮಾಡಿ ಅಂದರು. ಜನನ ಪ್ರಮಾಣಪತ್ರ ಮತ್ತು ಡಿಸ್ಚಾರ್ಜ್ ಸಮ್ಮರಿಯಲ್ಲಿನ ಆಸ್ಪತ್ರೆ ನಂಬರು ತೋರಿಸಿದ ಮೇಲೆ ಒಪ್ಪಿದರು, ಅದಕ್ಕೂ ವಾರಗಟ್ಟಲೆ ಹಿಡಿಯಿತು. ಜನನ ನೋಂದಣಿ 21 ದಿನದೊಳಗೆ ಆಗಬೇಕು, ಹೆಸರು ಇಡುವವರೆಗೆ ಕಾಯಬೇಕಿಲ್ಲ. ಹೆಸರನ್ನು ಆಮೇಲೆ ಸೇರಿಸಬಹುದು. ಎಲ್ಲ ಟೆಸ್ಟಿಗೂ ಅದೇ ಆಸ್ಪತ್ರೆ ನಂಬರು ಹಾಕಿಸಿಕೊಳ್ಳಿ.

ಜುಲೈನಲ್ಲಿ, ಸುರಿಯುವ ಮಳೆಯಲ್ಲಿ ಮತ್ತೆ ಮಂಗಳೂರು. ಈ ಸಲ ಲ್ಯಾಬಿನ ದಿನ ಕೇಳಿಕೊಂಡೇ ಹೋಗಿದ್ದೆವು. ಕಾಯುವ ಹೊತ್ತು ಹಿಂದಿನಷ್ಟು ಭಾರ ಅನ್ನಿಸಲಿಲ್ಲ. ಮಗ ಸಿಸ್ಟರ್ ಮುಖ ನೋಡಿ ನಗುತ್ತಿದ್ದ, ಸೂಜಿ ಚುಚ್ಚುವವರೆಗೆ. ಅಂಕಿ ಮೊದಲಿಗಿಂತ ಸ್ಪಷ್ಟವಾಗಿ ಕೆಳಗೆ ಬಂತು. ಕೊರತೆ ಇರುವುದು ಖಚಿತ. ಹಿಮೋಗ್ಲೋಬಿನ್ ಮಾತ್ರ ಚೆನ್ನಾಗಿದೆ, ತೂಕವೂ ಸರಿಯಾಗಿದೆ. ಮದ್ದು ಏನೂ ಇಲ್ಲ, ಬೇಕಾಗಿಯೂ ಇಲ್ಲ. ನಾನೂ ಟೆಸ್ಟ್ ಮಾಡಿಸಿಕೊಂಡೆ, ನನ್ನ ಅಂಕಿ ನಡುವೆ ಎಲ್ಲೋ ನಿಂತಿದೆ.

ಈಗ ತಾಯಿ ಕಾರ್ಡಿನ ಮೊದಲ ಪುಟದಲ್ಲಿ ಕೆಂಪು ಇಂಕಿನಲ್ಲಿ ‘ಜಿ6ಪಿಡಿ ಕೊರತೆ’ ಎಂದು ಡಾಕ್ಟ್ರ ಕೈಯಲ್ಲೇ ಬರೆಸಿ ಸೀಲ್ ಹಾಕಿಸಿದ್ದೇವೆ. ಅದರ ಫೋಟೋ ಇವರ ಮೊಬೈಲಿನಲ್ಲಿ, ನನ್ನ ಮೊಬೈಲಿನಲ್ಲಿ, ಅಪ್ಪನ ಮೊಬೈಲಿನಲ್ಲಿದೆ. ಮೂತ್ರ ಕಡುಕಂದು ಆದರೆ, ಮಗು ಬಿಳಿಚಿಕೊಂಡರೆ, ಕಣ್ಣು ಹಳದಿಯಾದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ತಂಗಿಗೆ ಈಗ ಐದು ತಿಂಗಳು. ಅವಳ ಹೆರಿಗೆ ಫೈಲಿನಲ್ಲೂ ಇದನ್ನು ಬರೆಸಿ ಆಯಿತು. ಮಗು ಗಂಡಾದರೆ ತಾಜಾ ರಕ್ತದ ಟೆಸ್ಟನ್ನೇ ಮಾಡಿ, ಕಾರ್ಡು ಕೊರಿಯರ್‌ಗೆ ಹಾಕಿ ಕೂರಬೇಡಿ ಎಂದು ಅವಳು ಡಾಕ್ಟ್ರಿಗೆ ಈಗಲೇ ಹೇಳಿ ಬಂದಿದ್ದಾಳೆ.